ಕೈಗಾ ಬಗ್ಗೆ ಕೇಳಬೇಕಾದ ಪ್ರಶ್ನೆ

ಮಾನ್ಯ ಸಂಪಾದಕರೇ,

ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳ ಚರ್ಚೆಯಲ್ಲಿ ಅಣ್ವಸ್ತ್ರದ ಮಾತು ಬಂದ ಕೂಡಲೇ ದಾರಿ ತಪ್ಪುತ್ತದೆ. ಸ್ಥಾವರವೆಂದರೆ ಬಾಂಬ್ ಕಾರ್ಖಾನೆ ಎಂದು ಕೆಲವರು ಕೂಗಿದರೆ, ಎರಡಕ್ಕೂ ನಂಟೇ ಇಲ್ಲವೆಂದು ಇನ್ನು ಕೆಲವರು ಕೈತೊಳೆದುಕೊಳ್ಳುತ್ತಾರೆ. ನಂಟು ಇದೆ, ಅದು ಇಂಧನ ತಯಾರಾಗುವಲ್ಲಿ ಮತ್ತು ಬಳಸಿದ ಇಂಧನ ಹೋಗುವಲ್ಲಿ ಇದೆ.

ಗಣಿಯ ಯುರೇನಿಯಂನಲ್ಲಿ ಸುಲಭವಾಗಿ ಒಡೆದು ಶಕ್ತಿ ಕೊಡುವ ಯು-235 ಎಂಬ ಬಗೆ ಇರುವುದು ಶೇ 0.7. ಕೂಡಂಕುಳಂನಂಥ ಹಗುರ ನೀರಿನ (ಸಾಮಾನ್ಯ ನೀರು ಬಳಸುವ) ರಿಯಾಕ್ಟರಿಗೆ ಅದನ್ನು ಶೇ 3ರಿಂದ 5ಕ್ಕೆ ಏರಿಸಬೇಕು, ಇದೇ ಸಂವರ್ಧನೆ. ಬಾಂಬಿಗಾದರೆ ಶೇ 90ರಷ್ಟು. ಬಹಳ ದೂರವೆನಿಸಿದರೂ ಶ್ರಮದ ಬಹುಪಾಲು ಶೇ 5 ಮುಟ್ಟುವಷ್ಟರಲ್ಲೇ ಮುಗಿದಿರುತ್ತದೆ. ಅಮೆರಿಕ ಮತ್ತಿತರ ದೇಶಗಳು ಇರಾನಿನೊಂದಿಗೆ ಮಾಡಿಕೊಂಡ 2015ರ ಅಣು ಒಪ್ಪಂದ ಅದಕ್ಕೆ ಶೇ 3.67ರ ಮಿತಿ ಹಾಕಿದ್ದು ಇದಕ್ಕೇ. 2018ರಲ್ಲಿ ಅಮೆರಿಕ ಒಪ್ಪಂದ ಬಿಟ್ಟಿತು, 2021ರಲ್ಲಿ ಇರಾನ್ ಶೇ 60 ತಲುಪಿತು. ಯಾವ ವಿದ್ಯುತ್ ಸ್ಥಾವರಕ್ಕೂ ಅಷ್ಟು ಬೇಡ.

ಕೈಗಾದಲ್ಲಿ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಬಳಸುವುದರಿಂದ ಸಹಜ ಯುರೇನಿಯಂ ಸಾಕು. ಅಲ್ಲಿ ಕಣ್ಣಿಡಬೇಕಾದದ್ದು ಬಳಸಿದ ಇಂಧನದೊಳಗೆ ಹುಟ್ಟುವ, ಬಾಂಬಿಗೂ ಆಗುವ ಪ್ಲುಟೋನಿಯಂ ಮೇಲೆ. ಹಗುರ ನೀರಿನ ರಿಯಾಕ್ಟರಿನಲ್ಲಿ ಇಂಧನ ಬದಲಿಸಲು ಸ್ಥಾವರ ನಿಲ್ಲಿಸಿ ಮುಚ್ಚಳ ತೆಗೆಯಬೇಕು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅದಕ್ಕೆ ಸೀಲು ಹಾಕಿದ್ದರೆ ಕದ್ದು ತೆಗೆದದ್ದು ಗೊತ್ತಾಗುತ್ತದೆ. ಕೈಗಾದ 220 ಮೆಗಾವಾಟ್ ಘಟಕದ 306 ಕೊಳವೆಗಳಲ್ಲಿ ಸ್ಥಾವರ ಓಡುತ್ತಿರುವಾಗಲೇ ಯಂತ್ರವು ಹೊಸ ಇಂಧನ ತುಂಬಿ ಹಳೆಯದನ್ನು ಹೊರತೆಗೆಯುತ್ತದೆ. 2018ರಲ್ಲಿ 1ನೇ ಘಟಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಲು ಸಾಧ್ಯವಾದದ್ದು ಈ ವ್ಯವಸ್ಥೆಯಿಂದ, ಕನ್ನಡಿಗರು ಹೆಮ್ಮೆಪಡಬೇಕಾದ ಕೆಲಸವದು. ಆದರೆ ಇಂಥಲ್ಲಿ ಸೀಲೊಂದೇ ಸಾಲದು. ಹೊರಬರುವ ಪ್ರತಿಯೊಂದು ಇಂಧನ ಕಟ್ಟನ್ನು ಎಣಿಸುವ ಉಪಕರಣ, ಅದನ್ನು ಇಡುವ ಕೊಳದ ಮೇಲೆ ಸದಾ ಕ್ಯಾಮೆರಾ ಬೇಕು. 8 ಕೆ.ಜಿ. ಪ್ಲುಟೋನಿಯಂ ಲೆಕ್ಕ ತಪ್ಪಿದರೆ ಒಂದು ಬಾಂಬಿನ ಸಾಧ್ಯತೆ ತಳ್ಳಿಹಾಕಲಾಗದು ಎಂಬುದು ಆ ಸಂಸ್ಥೆಯ ಅಳತೆ.

ಬಳಸಿದ ಇಂಧನ ತಾನಾಗಿ ಬಾಂಬಾಗದು. ವಿಕಿರಣ ಎಷ್ಟು ತೀವ್ರವೆಂದರೆ ಹತ್ತಿರ ಸುಳಿಯಲಾಗದು. ಪ್ಲುಟೋನಿಯಂ ಬೇರ್ಪಡಿಸಲು ಮರುಸಂಸ್ಕರಣ ಘಟಕವೇ ಬೇಕು. ದಕ್ಷಿಣ ಕೊರಿಯಾದಲ್ಲಿ 20ಕ್ಕೂ ಹೆಚ್ಚು ರಿಯಾಕ್ಟರುಗಳಿದ್ದೂ ಬಾಂಬಿಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್ 2009ರಲ್ಲೇ ಅಮೆರಿಕದೊಂದಿಗಿನ ಒಪ್ಪಂದದಲ್ಲಿ ಸಂವರ್ಧನೆ, ಮರುಸಂಸ್ಕರಣೆ ಎರಡನ್ನೂ ಬಿಟ್ಟುಕೊಟ್ಟಿತು.

ನಮ್ಮ ಕಥೆ ಬೇರೆ. ಶಾಂತಿಯುತ ಬಳಕೆಗೆಂದು ಕೆನಡಾ ಕೊಟ್ಟ ಸೈರಸ್ ಎಂಬ ಸಂಶೋಧನಾ ರಿಯಾಕ್ಟರಿನ ಪ್ಲುಟೋನಿಯಂನಿಂದಲೇ 1974ರ ಮೇ 18ರಂದು ಪೋಖರಣ್ ಸ್ಫೋಟ ನಡೆಯಿತು. ಅದರ ಮುಂಚೂಣಿಯಲ್ಲಿದ್ದ, ಮುಂದೆ ಬೆಂಗಳೂರಿನಲ್ಲೇ ನೆಲೆಸಿದ ಅಣುವಿಜ್ಞಾನಿ ರಾಜಾ ರಾಮಣ್ಣ ಅದು ಬಾಂಬೇ ಆಗಿತ್ತೆಂದು 1997ರಲ್ಲಿ ಒಪ್ಪಿಕೊಂಡರು. ಆ ಸ್ಫೋಟದ ನಂತರವೇ ಪರಮಾಣು ಪೂರೈಕೆದಾರ ದೇಶಗಳ ಗುಂಪು ಹುಟ್ಟಿತು, ದಶಕಗಳ ಕಾಲ ನಮಗೆ ಹೊರಗಿನ ಇಂಧನ, ತಂತ್ರಜ್ಞಾನ ದುರ್ಲಭವಾಯಿತು. ಕಟ್ಟುನಿಟ್ಟಿನ ಲೆಕ್ಕವಿಲ್ಲದ ಕಡೆ ‘ಶಾಂತಿಯುತ’ ಎಂಬ ಭರವಸೆಯನ್ನು ಯಾರೂ ನಂಬದಿರುವುದು ಇದರಿಂದ.

ಅಮೆರಿಕದೊಂದಿಗಿನ ಅಣು ಒಪ್ಪಂದಕ್ಕಾಗಿ ಭಾರತ ನಾಗರಿಕ ಸ್ಥಾವರಗಳನ್ನು ಪ್ರತ್ಯೇಕಿಸಿದ 2006ರ ವಿಂಗಡಣೆಯಲ್ಲಿ 22 ರಿಯಾಕ್ಟರುಗಳ ಪೈಕಿ 14 ಅಂತರರಾಷ್ಟ್ರೀಯ ತಪಾಸಣೆಗೆ ಹೋದವು. ಕೈಗಾದ ನಾಲ್ಕೂ ಹೊರಗುಳಿದವು. ಹೊರಗಿದ್ದ ಮಾತ್ರಕ್ಕೆ ಅಲ್ಲಿ ಅಸ್ತ್ರದ ಕೆಲಸ ನಡೆಯುತ್ತಿದೆ ಎಂದರ್ಥವಲ್ಲ. ಹೊರಗಿನವರಿಗೆ ಪರಿಶೀಲಿಸುವ ದಾರಿಯಿಲ್ಲ ಎಂದಷ್ಟೇ. ಹೊಸ ಎರಡು ಘಟಕಗಳು ಯಾವ ಪಟ್ಟಿಗೆ ಸೇರುತ್ತವೆ, ಅವುಗಳ ಬಳಸಿದ ಇಂಧನ ಯಾವ ಮರುಸಂಸ್ಕರಣ ಘಟಕಕ್ಕೆ ಹೋಗುತ್ತದೆ ಎಂಬುದನ್ನು ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಿ ಲಿಖಿತ ಉತ್ತರ ಪಡೆಯಬೇಕು. ಜಪಾನ್, ಫ್ರಾನ್ಸ್ ತಮ್ಮ ನಾಗರಿಕ ಪ್ಲುಟೋನಿಯಂ ದಾಸ್ತಾನನ್ನು ವರ್ಷವರ್ಷವೂ ಪ್ರಕಟಿಸುತ್ತವೆ. ಅಣುಶಕ್ತಿ ಇಲಾಖೆ ಕನಿಷ್ಠ ತಪಾಸಣೆಗೊಳಪಟ್ಟ ಸ್ಥಾವರಗಳ ಮಟ್ಟಿಗಾದರೂ ಅದೇ ಕೆಲಸ ಮಾಡಲಿ.

– ಓದುಗರು, ಮಲ್ಲೇಶ್ವರ, ಬೆಂಗಳೂರು