ಗೆಳೆಯನಿಗೊಂದು ಪತ್ರ: ಹೂಳಿನಿಂದ ಎದ್ದ ಏರಿ

ಪ್ರೀತಿಯ ಗೆಳೆಯ,

ಊರ ಕೆರೆಯ ಹೂಳು ತೆಗೆಸುತ್ತಿದ್ದೇವೆ ಅಂತ ಬರೆದಿದ್ದೆಯಲ್ಲ, ಆ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಕಿತ್ತ ಜೊಂಡಿನ ರಾಶಿಯ ಫೋಟೋ ನೋಡಿ ತುಂಬಾ ಖುಷಿಯಾಯಿತು. ಕಳೆದ ಶನಿವಾರ ನಾವು ಶಾಂಘೈ ಹತ್ತಿರದ ಹಾಂಗ್‌ಝೌಗೆ ಹೋಗಿದ್ದೆವು. ಅಲ್ಲೊಂದು ಕೆರೆ ಇದೆ. ಅದರ ದಡದಲ್ಲಿ ನಿಂತಾಗೆಲ್ಲ ನಿನ್ನದೇ ನೆನಪು.

ಅಮ್ಮ ಶಾಂಘೈಗೆ ಬಂದು ಮೂರು ವಾರವಾಗಿತ್ತು. ಎತ್ತರದ ಕಟ್ಟಡ ನೋಡಿ ನೋಡಿ ಸಾಕಾಗಿ, "ಒಂದು ಗುಡ್ಡ, ನಾಲ್ಕು ಮರ ತೋರಿಸೋ" ಅಂದರು. ಅಕ್ಟೋಬರ್ ಮೊದಲ ವಾರ ಇಲ್ಲಿ ದೇಶಕ್ಕೆಲ್ಲ ರಜೆ, ಎಲ್ಲಿ ಹೋದರೂ ಜನಜಾತ್ರೆ. ಅದು ಮುಗಿಯಲಿ ಅಂತ ಕಾದು ಹೊರಟೆವು. ಹಾಂಗ್‌ಚಿಯಾವ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಇಲ್ಲಿ ರೈಲು ಹತ್ತಲು ನಮ್ಮಂಥ ವಿದೇಶಿಯರಿಗೆ ಪಾಸ್‌ಪೋರ್ಟ್ ಬೇಕೇ ಬೇಕು. ನಾಲ್ಕನ್ನೂ ಅಮ್ಮ ತಮ್ಮ ಕೈಚೀಲಕ್ಕೆ ಹಾಕಿಕೊಂಡರು, ಸಂಜೆವರೆಗೂ ಆ ಚೀಲ ಯಾರ ಕೈಗೂ ಕೊಡಲಿಲ್ಲ.

ಮೊದಲು ಲಿಂಗ್‌ಯಿನ್ ದೇವಾಲಯಕ್ಕೆ ಹೋದೆವು. ಸುಮಾರು 1,700 ವರ್ಷದ ಹಿಂದೆ ಅದನ್ನು ಶುರು ಮಾಡಿದ್ದು ಭಾರತದಿಂದ ಬಂದ ಒಬ್ಬ ಭಿಕ್ಷು. ಚೀನಿಯರು ಅವನನ್ನು ಹುಯಿಲಿ ಅಂತ ಕರೆಯುತ್ತಾರೆ. ಎದುರಿಗಿದ್ದ ಗುಡ್ಡ ನೋಡಿ ಅವನು, "ಇದು ನಮ್ಮ ದೇಶದ ಗೃಧ್ರಕೂಟ ಬೆಟ್ಟ, ಇಲ್ಲಿಗೆ ಯಾವಾಗ ಹಾರಿ ಬಂತು?" ಅಂದನಂತೆ. ಅದಕ್ಕೇ ಅದರ ಹೆಸರು ಫೇಯ್‌ಲಾಯ್ ಫೆಂಗ್, ಅಂದರೆ ಹಾರಿಬಂದ ಗುಡ್ಡ. ಬಂಡೆಗಳ ತುಂಬ ನೂರಾರು ಬುದ್ಧರ ಕೆತ್ತನೆ. ನಾನು ಕಥೆ ಹೇಳಿದ ಮೇಲೆ ಅಮ್ಮ ಬಂಡೆಗೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. "ಊರಿನ ನೆನಪಾಗಿ ಹಾಗಂದಿರಬೇಕು ಪಾಪ" ಅಂದರು. ಆ ಕಥೆಯನ್ನು ನಾನು ಎಷ್ಟೋ ಸಲ ಓದಿದ್ದೆ. ಹೀಗೆ ಯೋಚಿಸಿರಲಿಲ್ಲ.

ಮಧ್ಯಾಹ್ನ ಮಾಂಸ ಹಾಕದ ನೂಡಲ್ಸ್ ಸಿಕ್ಕಿತು. "ವೋ ಚೀ ಸು" ಅಂದರೆ ನಾನು ಸಸ್ಯಾಹಾರಿ ಅಂತ. ಅಮ್ಮ ಚೀನಿ ಭಾಷೆಯಲ್ಲಿ ಕಲಿತಿರುವುದು ಇದೊಂದೇ ಮಾತು.

ಆಮೇಲೆ ಕೆರೆ. ಶೀಹು ಅಂದರೆ ಪಶ್ಚಿಮದ ಕೆರೆ. ಮೂರು ಕಡೆ ಗುಡ್ಡ, ಒಂದು ಕಡೆ ಊರು. 2011ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇಷ್ಟು ಚೆಂದದ ಜಾಗ ತಾನಾಗೇ ಹೀಗೆ ಉಳಿದಿದೆ ಅಂದುಕೊಂಡಿದ್ದೆ. ಹಾಗಲ್ಲ ಕಣೋ. 1089ರಲ್ಲಿ ಸು ಡಾಂಗ್‌ಪೋ ಇಲ್ಲಿಗೆ ಅಧಿಕಾರಿಯಾಗಿ ಬಂದಾಗ ಅರ್ಧ ಕೆರೆ ಜೊಂಡು, ಹೂಳಿನಿಂದ ಮುಚ್ಚಿಹೋಗಿತ್ತು. ಅವನು ಚೀನಾದ ದೊಡ್ಡ ಕವಿ ಕೂಡ. ಮುಖಕ್ಕೆ ಕಣ್ಣು ಹುಬ್ಬು ಇದ್ದ ಹಾಗೆ ಹಾಂಗ್‌ಝೌಗೆ ಈ ಕೆರೆ, ಇದನ್ನು ಕೈಬಿಡಬಾರದು ಅಂತ ಅರಮನೆಗೆ ಬರೆದ. ಮುಂದಿನ ವರ್ಷ ಹೂಳೆತ್ತಿಸಿದ.

ತೆಗೆದ ಹೂಳನ್ನು ಎಲ್ಲಿ ಹಾಕುವುದು? ನಿಮಗೂ ಈಗ ಅದೇ ಚಿಂತೆ ಅಲ್ವಾ? ಅವನು ಆ ಕೆಸರನ್ನೆಲ್ಲ ಕೆರೆಯ ನಡುವೆಯೇ ದಕ್ಷಿಣದಿಂದ ಉತ್ತರಕ್ಕೆ ಏರಿಯಂತೆ ಹಾಕಿಸಿದ. ನೀರು ಆಚೀಚೆ ಓಡಾಡಲು ಆರು ಸೇತುವೆ ಬಿಟ್ಟ. ಅದೇ ಸು ಏರಿ, ಸುಮಾರು 2.8 ಕಿಲೋಮೀಟರ್. ಎರಡೂ ಬದಿ ಬಾಗಿದ ಮರಗಳು. ಗುಯ್‌ಹುವಾ ಹೂ ಬಿಡುವ ಕಾಲ ಬೇರೆ, ಗಾಳಿಯೆಲ್ಲ ಸಿಹಿ ವಾಸನೆ. ಪಾರಿಜಾತದ ಹಾಗೆ ಮರದ ಬುಡದಲ್ಲೆಲ್ಲ ಪುಟ್ಟ ಹಳದಿ ಹೂ. ಅಮ್ಮ ಒಂದು ಹಿಡಿ ಆರಿಸಿ ಕರ್ಚೀಫಿನಲ್ಲಿ ಕಟ್ಟಿಕೊಂಡರು. ಮೂರನೇ ಸೇತುವೆ ಹೊತ್ತಿಗೆ ಅವರಿಗೆ ಮಂಡಿ ನೋವು ಜಾಸ್ತಿಯಾಯಿತು. ನನ್ನವಳು ಅವರ ಜೊತೆ ಬೆಂಚಿನ ಮೇಲೆ ಕೂತಳು, ನಾನು ಮಗಳು ಮುಂದೆ ನಡೆದೆವು.

ನಿನಗೆ ತುಂಬಾ ಇಷ್ಟವಾಗುವ ವಿಷಯ ಇನ್ನೊಂದಿದೆ. ಜೊಂಡು ಮತ್ತೆ ಬೆಳೆಯದಿರಲು ಸು ಡಾಂಗ್‌ಪೋ ದಡದ ಹತ್ತಿರದ ನೀರನ್ನು, ನೀರಲ್ಲೇ ಬಿಡುವ ಸಿಂಗಾಡೆಕಾಯಿ ಬೆಳೆಯುವವರಿಗೆ ಗುತ್ತಿಗೆಗೆ ಕೊಟ್ಟ. ಕಾಯಿ ಬೆಳೆಯಬೇಕಾದರೆ ಅವರು ಕಳೆ ಕೀಳಲೇಬೇಕು. ನಡುನೀರಿಗೆ ಅವರು ಬರಬಾರದಲ್ಲ, ಅದಕ್ಕೆ ಗಡಿಯಾಗಿ ಕೆರೆಯಲ್ಲೇ ಪುಟ್ಟ ಕಲ್ಲಿನ ಗೋಪುರ ನಿಲ್ಲಿಸಿದ. ಈಗ ಕಾಣುವ ಮೂರು ಗೋಪುರ ಆಮೇಲೆ ಮತ್ತೆ ಕಟ್ಟಿದವು. ಒಂದು ಯುವಾನ್ ನೋಟಿನ ಹಿಂಬದಿಯಲ್ಲಿ ಅವುಗಳ ಚಿತ್ರವಿದೆ. ಎಲ್ಲರೂ ಸೇರಿ ದೋಣಿಯಲ್ಲಿ ಹೋದಾಗ ಮಗಳು ನೋಟು ಎತ್ತಿ ಹಿಡಿದು, "ಅಪ್ಪಾ, ಅದೇ ಇದು!" ಅಂತ ಕೂಗಿದಳು.

ಸಂಜೆ ರೈಲಿನಲ್ಲಿ ಅಮ್ಮ ಕರ್ಚೀಫು ಬಿಚ್ಚಿ ಮೂಸುತ್ತಾ ಕೇಳಿದರು, "ನಮ್ಮ ಕೆರೆಯ ಗೋಡು ಯಾರ ಹೊಲಕ್ಕೆ ಹೋಗುತ್ತಂತೆ?" ನನಗೆ ಗೊತ್ತಿರಲಿಲ್ಲ. ಬೇಗ ಬರೆ. ಸಿಂಗಾಡೆ ವಿಷಯ ಊರವರ ಮುಂದೆ ಒಮ್ಮೆ ಎತ್ತಿ ನೋಡು. ಏರಿ ಮೇಲೆ ಗಿಡ ನೆಡುವುದಾದರೆ ಒಂದು ಹೊಂಗೆ ಅಮ್ಮನ ಹೆಸರಲ್ಲಿ ಇರಲಿ, ದುಡ್ಡು ಕಳಿಸುತ್ತೇನೆ.

ನಿನ್ನ ಗೆಳೆಯ