ಹಳೇ ಯುದ್ಧವಿಮಾನಕ್ಕೆ ರಾತ್ರಿ ಬೆಳಕು ಹಾಕೋ ಮುಂಚೆ ವಿಮಾನ ನೋಡ್ಕೊಳ್ಳಿ

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರದ ಪುರವಣಿಯಲ್ಲಿ ಹಳೇ ಯುದ್ಧವಿಮಾನಗಳ ರಾತ್ರಿ ಫೋಟೋಗಳನ್ನ ಪೂರ್ತಿ ಒಂದು ಪುಟ ಹಾಕಿದ್ರಿ, ನೋಡಿ ತುಂಬಾ ಖುಷಿ ಆಯ್ತು, ಈ ತರದ ಫೋಟೋಗ್ರಫಿಗೆ ಪತ್ರಿಕೆಗಳಲ್ಲಿ ಜಾಗ ಸಿಗೋದೇ ಅಪರೂಪ. ಆದ್ರೆ ಅದರಲ್ಲಿ ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ಒಂದು ಫೋಟೋ ಇತ್ತಲ್ಲ, ಒಂದು ಮಗ್ಗುಲಿಗೆ ನೇರಳೆ ಇನ್ನೊಂದು ಮಗ್ಗುಲಿಗೆ ಹಸಿರು ಬೆಳಕು ಸುರಿದು, ಎಂಜಿನ್ ಪಕ್ಕ ಬೆಂಕಿ ಬರ್ತಿರೋ ಹಾಗೆ ಕಿತ್ತಳೆ ಬಣ್ಣ ಬಿಟ್ಟಿದ್ದು, ಅದು ಯಾಕೋ ಮನಸ್ಸಿಗೆ ಹಿಡಿಸ್ಲಿಲ್ಲ. ಅದನ್ನ ತೆಗೆದವರ ಶ್ರಮದ ಬಗ್ಗೆ ನನಗೆ ಗೌರವ ಇದೆ, ರಾತ್ರಿ ಚಳೀಲಿ ಟ್ರೈಪಾಡ್ ಮುಂದೆ ನಿಂತವರಿಗೇ ಗೊತ್ತು ಆ ಕಷ್ಟ. ನಾನು ಹೇಳಬೇಕು ಅಂತಿರೋದು ಇಷ್ಟೇ, ಹಳೇ ವಿಮಾನಕ್ಕೆ ಯಾವ ಬೆಳಕು ಎಲ್ಲಿಂದ ಬರ್ಬೇಕು ಅನ್ನೋದನ್ನ ಆ ವಿಮಾನವನ್ನೇ ಕೇಳ್ಬೇಕು, ಅದರ ತಗಡು, ಅದರ ಪೇಂಟು, ಅದು ಮಾಡಿದ ಕೆಲಸ ಇವನ್ನೆಲ್ಲ ನೋಡ್ಕೊಂಡು ಆಮೇಲೆ ಟಾರ್ಚ್ ಆನ್ ಮಾಡ್ಬೇಕು.

ಲ್ಯಾಂಕಾಸ್ಟರ್ ವಿಷಯಾನೇ ತಗೊಳ್ಳಿ. ಅದು ರಾತ್ರಿ ಹಾರೋ ಬಾಂಬರ್, ಹೊಟ್ಟೆ ಭಾಗಕ್ಕೆಲ್ಲ ಹೊಳಪಿಲ್ಲದ ಕಪ್ಪು ಬಳಿದಿದ್ರು. ಎಕ್ಸಾಸ್ಟ್ ಪೈಪುಗಳ ಮೇಲೆ ಒಂದು ಕವಚ ಹಾಕ್ತಿದ್ರು, ಯಾಕಂದ್ರೆ ಅಲ್ಲಿಂದ ಹೊರಗೆ ಬರೋ ಜ್ವಾಲೆ ಕಂಡ್ರೆ ಶತ್ರುಗಳ ನೈಟ್ ಫೈಟರ್, ಅಂದ್ರೆ ರಾತ್ರಿ ಬೇಟೆಯಾಡೋ ಯುದ್ಧವಿಮಾನ, ನೇರವಾಗಿ ಹಿಂದೆ ಬೀಳೋದು. ಅಂದ್ರೆ ಬೆಂಕಿ ಕಾಣದೇ ಇರ್ಲಿ ಅಂತಾನೇ ಕಷ್ಟಪಟ್ಟು ಮುಚ್ಚಿದ ಜಾಗಕ್ಕೆ ನಾವು ಲೈಟಿನ ಮುಂದೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿ ಬೆಂಕಿ ಬರಿಸ್ತಾ ಇದೀವಿ. ಒಟ್ಟು 7,377 ಲ್ಯಾಂಕಾಸ್ಟರ್ ಕಟ್ಟಿದ್ರು, ಇವತ್ತು ಹಾರೋ ಸ್ಥಿತಿಯಲ್ಲಿ ಇರೋದು ಎರಡೇ ಎರಡು, ಬ್ರಿಟನ್ನಲ್ಲಿ ಒಂದು ಕೆನಡಾದಲ್ಲಿ ಒಂದು. ಇಂಥ ವಿಮಾನಗಳಲ್ಲಿ ಕೂತು ಹೋದ ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮಾಂಡ್‌ನ 55,573 ಜನ ವಾಪಸ್ ಬರ್ಲಿಲ್ಲ, ಹೆಚ್ಚಿನವರು ಚಿಕ್ಕ ವಯಸ್ಸಿನ ಹುಡುಗರು. ಇದು ಗೊತ್ತಿದ್ದವರು ಅದಕ್ಕೆ ನೇರಳೆ ಬಣ್ಣ ಹಾಕಲ್ಲ ಅಂತ ನನ್ನ ನಂಬಿಕೆ.

ಹಾಗಂತ ಕ್ರಿಯೇಟಿವ್ ಲೈಟಿಂಗೇ ಬೇಡ ಅಂತಲ್ಲ, ಬೇಕೇ ಬೇಕು. ಹಗಲಲ್ಲಿ ಮ್ಯೂಸಿಯಂಗೆ ಹೋದ್ರೆ ವಿಮಾನದ ಮುಂದೆ ಹಗ್ಗ, ಬೋರ್ಡು, ಹಿಂದೆ ಇನ್ನೊಂದು ವಿಮಾನದ ರೆಕ್ಕೆ, ಎಲ್ಲಾ ಫ್ರೇಮಿಗೆ ಬಂದು ಕೂರತ್ತೆ. ರಾತ್ರಿ ಆದ್ರೆ ಏನು ಕಾಣ್ಬೇಕೋ ಅಷ್ಟಕ್ಕೆ ಮಾತ್ರ ಬೆಳಕು ಕೊಟ್ರೆ ಆಯ್ತು, ಮಿಕ್ಕಿದ್ದೆಲ್ಲ ಕತ್ತಲಲ್ಲಿ ಮುಳುಗೋಗತ್ತೆ. ಕ್ಯಾಮೆರಾನ ಟ್ರೈಪಾಡ್ ಮೇಲಿಟ್ಟು, ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸೋ ಮಟ್ಟ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8, ಶಟರ್ 30 ಸೆಕೆಂಡ್ ತೆರೆದಿಟ್ಟು, ಕಪ್ಪು ಬಟ್ಟೆ ಹಾಕ್ಕೊಂಡು ಟಾರ್ಚ್ ಹಿಡಿದು ವಿಮಾನದ ಸುತ್ತ ನಡೀತಾ ಹೋದ್ರೆ, ಒಂದೇ ಕಡೆ ನಿಲ್ಲದೆ ಓಡಾಡ್ತಿದ್ರೆ, ನಾವು ಫೋಟೋದಲ್ಲಿ ಬರೋದೇ ಇಲ್ಲ, ನಾವು ಹಾಕಿದ ಬೆಳಕು ಮಾತ್ರ ಬರತ್ತೆ. ಟಾರ್ಚಿನ ಬಾಯಿ ಕ್ಯಾಮೆರಾ ಕಡೆ ತಿರುಗದ ಹಾಗೆ ಕಪ್ಪು ಪೇಪರ್ ಸುತ್ತಿ ಕೊಳವೆ ತರ ಮಾಡ್ಕೊಂಡ್ರೆ ಸಾಕು.

ಬೆಳಕು ಎಲ್ಲಿಂದ ಅನ್ನೋದೇ ಇಲ್ಲಿ ಮುಖ್ಯ. ಕ್ಯಾಮೆರಾ ಪಕ್ಕದಲ್ಲೇ ನಿಂತು ಟಾರ್ಚ್ ಬಿಟ್ರೆ ವಿಮಾನ ರಟ್ಟಿನಲ್ಲಿ ಕತ್ತರಿಸಿಟ್ಟ ಹಾಗೆ ಚಪ್ಪಟೆ ಕಾಣತ್ತೆ. ಅದೇ ಬಾಲದ ಹತ್ರ ಹೋಗಿ, ಟಾರ್ಚನ್ನ ವಿಮಾನದ ಮೈಗೆ ತಾಗಿಯೂ ತಾಗದ ಹಾಗೆ ಹಿಡಿದು ಮೂಗಿನ ಕಡೆಗೆ ಬೆಳಕು ಸವರಿ ನೋಡಿ, ಡಕೋಟಾದಂಥ ಹಳೇ ಸಾಗಣೆ ವಿಮಾನದ ಪಕ್ಕೆ ಪೂರ್ತಿ ಬೇರೇನೇ ಆಗತ್ತೆ, ತಗಡು ಜೋಡಿಸೋ ಸಾಲುಸಾಲು ರಿವೆಟ್‌ಗಳು ಒಂದೊಂದೂ ತನ್ನ ಪುಟ್ಟ ನೆರಳು ಚೆಲ್ಲಿಕೊಂಡು ಎದ್ದು ಕಾಣ್ತವೆ, ಒಳಗಿನ ಚೌಕಟ್ಟಿನ ಮಧ್ಯೆ ತಗಡು ಸ್ವಲ್ಪ ಸ್ವಲ್ಪ ತಗ್ಗಿರೋದು, ಯಾವುದೋ ಕಾಲದಲ್ಲಿ ತೇಪೆ ಹಾಕಿ ರಿಪೇರಿ ಮಾಡಿದ ಜಾಗ, ಬಾಗಿಲ ಹತ್ರ ಪೇಂಟ್ ಸವೆದಿರೋದು ಎಲ್ಲಾ ಬರತ್ತೆ. ಹಗಲಲ್ಲಿ ಅದೇ ವಿಮಾನದ ಪಕ್ಕ ನಡ್ಕೊಂಡು ಹೋದವರು ಇದ್ಯಾವುದನ್ನೂ ನೋಡಿರಲ್ಲ. ಇನ್ನೊಂದು ಲೆಕ್ಕ ನೆನಪಿಟ್ಕೋಬೇಕು, ದೂರ ಎರಡರಷ್ಟು ಆದ್ರೆ ಬೆಳಕು ಕಾಲು ಭಾಗಕ್ಕೆ ಇಳಿಯತ್ತೆ, ಅದಕ್ಕೇ ಹತ್ತಿರದ ರೆಕ್ಕೆ ಬೆಳ್ಳಗೆ ಸುಟ್ಟೋಗಿ ಆ ಕಡೆ ರೆಕ್ಕೆ ಕಾಣದೇ ಇರೋದು, ದೂರದ ಭಾಗಕ್ಕೆ ನಾಲ್ಕರಷ್ಟು ಹೊತ್ತು ಟಾರ್ಚ್ ಆಡಿಸ್ಬೇಕು.

ಪಾಲಿಶ್ ಮಾಡಿದ ಅಲ್ಯೂಮಿನಿಯಂ ವಿಮಾನ ಆದ್ರೆ ಆಟವೇ ಬೇರೆ, ಅದು ಕನ್ನಡಿ, ಅದಕ್ಕೆ ಟಾರ್ಚ್ ಬೆಳಕು ಹಾಕಿದ್ರೆ ಟಾರ್ಚಿನ ಚುಕ್ಕೆ ಒಂದೇ ಕಾಣೋದು. ಅಲ್ಲಿ ವಿಮಾನಕ್ಕೆ ಬೆಳಕು ಹಾಕಲೇಬಾರದು, ಪಕ್ಕದಲ್ಲಿ ದೊಡ್ಡ ಬಿಳೀ ಬಟ್ಟೆ ಹಿಡಿದು ಬಟ್ಟೆಗೆ ಬೆಳಕು ಹಾಕ್ಬೇಕು, ಆ ಬಟ್ಟೆಯ ಬಿಂಬ ಲೋಹದ ಮೇಲೆ ಉದ್ದಕ್ಕೆ ಹರಿಯತ್ತೆ. ಹೊಳೆಯೋ ಕಪ್ಪು ಬಣ್ಣಕ್ಕೂ ಇದೇ ಉಪಾಯ. ಅಮೆರಿಕದ ಪಿ-61 ಬ್ಲ್ಯಾಕ್ ವಿಡೋ ಅಂತ ನೈಟ್ ಫೈಟರ್ ಇತ್ತು, 1942ರಲ್ಲಿ ಮೊದಲು ಹಾರಿದ್ದು, ಅದಕ್ಕೆ ಬೇಕು ಅಂತಾನೇ ಹೊಳಪಿನ ಕಪ್ಪು ಬಳಿದ್ರು, ಯಾಕಂದ್ರೆ ಸರ್ಚ್‌ಲೈಟ್ ಬಿದ್ದಾಗ ಮಂಕು ಬಣ್ಣ ಬೆಳಕನ್ನ ಎಲ್ಲಾ ಕಡೆ ಚೆಲ್ಲಿ ವಿಮಾನನ ತೋರಿಸಿಬಿಡೋದು, ಹೊಳಪಿನ ಕಪ್ಪು ಬೆಳಕನ್ನ ಬೇರೆ ದಿಕ್ಕಿಗೆ ಕಳಿಸಿಬಿಡೋದು. ಈಗ ಉಳಿದಿರೋದು ನಾಲ್ಕು. ಅಂಥ ವಿಮಾನಕ್ಕೆ ಅಂಚಿನಲ್ಲಿ ಒಂದೇ ಒಂದು ಬೆಳಕಿನ ಗೆರೆ ಕೊಟ್ಟು ಮಿಕ್ಕಿದ್ದನ್ನ ಕಪ್ಪಾಗೇ ಬಿಟ್ರೆ ಆ ವಿಮಾನ ಏನಕ್ಕೆ ಹುಟ್ಟಿತ್ತೋ ಅದೇ ಫೋಟೋದಲ್ಲೂ ಬರತ್ತೆ.

ಇದರಲ್ಲಿ ಎಲ್ಲರಿಗೂ ಗುರು ಅಂದ್ರೆ ನನ್ನ ಪ್ರಕಾರ ಓ. ವಿನ್‌ಸ್ಟನ್ ಲಿಂಕ್, ಅವರು ತೆಗೆದಿದ್ದು ವಿಮಾನ ಅಲ್ಲ, ಉಗಿಬಂಡಿ. 1955ರಿಂದ 1960ರವರೆಗೆ ಅಮೆರಿಕದ ನಾರ್‌ಫೋಕ್ ಆಂಡ್ ವೆಸ್ಟರ್ನ್ ರೈಲ್ವೆಯ ಕೊನೇ ಉಗಿ ಎಂಜಿನ್‌ಗಳನ್ನ ಹೆಚ್ಚಾಗಿ ರಾತ್ರಿ ಹೊತ್ತಲ್ಲಿ, ಸಾಲಾಗಿ ವೈರ್ ಎಳೆದ ಫ್ಲ್ಯಾಶ್ ಬಲ್ಬುಗಳಲ್ಲಿ ತೆಗೆದ್ರು. ಸೂರ್ಯನ್ನ ಸರಿಸೋಕೆ ಆಗಲ್ಲ, ಹಳಿ ಸರಿಸೋಕೂ ಆಗಲ್ಲ, ಅದಕ್ಕೇ ಬೆಳಕು ತಾನೇ ಮಾಡ್ಕೋತೀನಿ ಅನ್ನೋದು ಅವರ ಲೆಕ್ಕ. ಅಷ್ಟು ಬಲ್ಬ್ ಇದ್ರೂ ಫೋಟೋ ನೋಡಿದವರಿಗೆ ಮೊದಲು ಕಾಣೋದು ಎಂಜಿನ್ನು ಮತ್ತೆ ಹೊಗೆ.

ಕಾಕ್‌ಪಿಟ್ ಒಳಗೆ ಬೆಳಕು ಇಡೋರಿಗೆ ಒಂದು ಮಾತು. ಮಂದ ಕೆಂಪು ಬೆಳಕು ಒಂದು ಪುಟ್ಟದು ಸಾಕು, ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡದೇ ಇರ್ಲಿ ಅಂತ ಪೈಲಟ್‌ಗಳೂ ಕೆಂಪನ್ನೇ ಬಳಸ್ತಿದ್ರು, ಹಾಗಾಗಿ ಅಲ್ಲಿ ಬಣ್ಣಕ್ಕೆ ಅರ್ಥ ಇದೆ. ಆದ್ರೆ ಎರಡನೇ ಮಹಾಯುದ್ಧದ ಕಾಲದ ಎಷ್ಟೋ ಡಯಲ್‌ಗಳ ಅಂಕಿಗಳಿಗೆ ರೇಡಿಯಂ ಪೇಂಟ್ ಇದೆ. ಈಗ ಅವು ಹೊಳೆಯಲ್ಲ ಅಂತ ರೇಡಿಯಂ ಸತ್ತಿದೆ ಅಂದ್ಕೋಬೇಡಿ, ಹೊಳೆಯೋ ಪುಡಿ ಹಾಳಾಗಿದೆ ಅಷ್ಟೇ, ರೇಡಿಯಂ ಅರ್ಧ ಆಗೋಕೇ 1,600 ವರ್ಷ ಬೇಕು. ಗಾಜು ಒಡೆದಿರೋ ಡಯಲ್ ಮುಟ್ಟಬೇಡಿ, ಕೆರೀಬೇಡಿ.

ಎಂಜಿನ್ ಓಡಿಸೋ ನೈಟ್ ಶೂಟ್‌ಗಳಲ್ಲಿ ಟಾರ್ಚಿನ ಕೆಲಸ ನಡೆಯಲ್ಲ, ವಿಮಾನ ನಡುಗ್ತಾ ಇರತ್ತೆ, ಸ್ಟ್ಯಾಂಡ್ ಮೇಲಿನ ಲೈಟ್ ಬೇಕು. ಪ್ರೊಪೆಲ್ಲರ್ ಪೂರ್ತಿ ಚಕ್ರದ ಹಾಗೆ ಬರೋಕೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಕತ್ತಲಲ್ಲಿ ತಿರುಗೋ ಪ್ರೊಪೆಲ್ಲರ್ ಕಣ್ಣಿಗೆ ಕಾಣೋದೇ ಇಲ್ಲ, ಗೆರೆ ಹಾಕಿದಾರೆ ಅಂದ್ರೆ ಅದನ್ನ ದಾಟಬಾರದು, ಪೈಲಟ್ ಕಣ್ಣಿಗೆ ಫ್ಲ್ಯಾಶ್ ಹೊಡೀಬಾರದು. ಇನ್ನು ಸ್ಟೀಲ್ ವೂಲ್ (ಉಕ್ಕಿನ ಸಣ್ಣ ಎಳೆಗಳ ಉಂಡೆ) ಹೊತ್ತಿಸಿ ಗಿರಗಿರ ತಿರುಗಿಸಿ ಕಿಡಿ ಹಾರಿಸೋ ಒಂದು ಫ್ಯಾಷನ್ ಇದೆಯಲ್ಲ, ದಯವಿಟ್ಟು ಅದನ್ನ ಹಳೇ ವಿಮಾನದ ಹತ್ತಿರ ತರಲೇಬೇಡಿ. ಟೈಗರ್ ಮಾತ್ ಅನ್ನೋ ತರಬೇತಿ ವಿಮಾನದ ಮೈ ಬಹುಪಾಲು ಬಟ್ಟೆ, ಹರಿಕೇನ್ ಅನ್ನೋ ಯುದ್ಧವಿಮಾನದ ಹಿಂಭಾಗ ಬಟ್ಟೆ, ಬಟ್ಟೆ ಬಿಗಿಯಾಗ್ಲಿ ಅಂತ ಬಳಿಯೋ ಡೋಪ್‌ನಲ್ಲಿ ನೈಟ್ರೇಟ್ ಜಾತಿಯದ್ದಂತೂ ಕಿಡಿ ಬಿದ್ರೆ ಧಗ್ ಅಂತ ಹತ್ಕೊಳ್ಳತ್ತೆ, ಟ್ಯಾಂಕಲ್ಲಿ ಪೆಟ್ರೋಲ್ ಆವಿ ಬೇರೆ. ಒಂದು ಫೋಟೋಗೋಸ್ಕರ ಮತ್ತೆ ಕಟ್ಟೋಕಾಗದ ವಿಮಾನ ಸುಡೋದು ಅಪರಾಧ.

ನಿಮ್ಮಲ್ಲಿ ಒಂದು ವಿನಂತಿ, ಮುಂದೆ ಇಂಥ ಫೋಟೋ ಹಾಕುವಾಗ ವಿಮಾನದ ಹೆಸರು, ಬೆಳಕು ಹೇಗೆ ಹಾಕಿದ್ರು, ಒಂದೇ ಎಕ್ಸ್‌ಪೋಷರಾ ಇಲ್ಲಾ ಹತ್ತಾರು ಫೋಟೋ ಜೋಡಿಸಿದ್ದಾ ಅಂತ ಕೆಳಗೆ ಎರಡು ಸಾಲು ಬರೀರಿ, ಜೋಡಿಸಿದ್ರೂ ತಪ್ಪಿಲ್ಲ, ಹೇಳ್ಬೇಕು ಅಷ್ಟೇ. ವಿಮಾನ ಮ್ಯೂಸಿಯಂ ನೋಡ್ಕೊಳ್ಳೋರು ಯಾರಾದ್ರೂ ಇದನ್ನ ಓದ್ತಿದ್ರೆ, ಆಗೊಮ್ಮೆ ಈಗೊಮ್ಮೆ ಒಂದು ಸಂಜೆ ಫ್ಲಡ್‌ಲೈಟ್ ಆರಿಸಿ ಒಂದೆರಡು ಗಂಟೆ ಫೋಟೋಗ್ರಾಫರ್‌ಗಳನ್ನ ಒಳಗೆ ಬಿಡಿ, ನಿಯಮ ಎಷ್ಟು ಬೇಕಾದ್ರೂ ಹಾಕಿ, ಜೊತೆಗೆ ಆ ವಿಮಾನದ ಬಗ್ಗೆ ಗೊತ್ತಿರೋ ಸಿಬ್ಬಂದಿ ಒಬ್ಬರನ್ನ ನಿಲ್ಲಿಸಿ, ಎಲ್ಲಿ ಮುಟ್ಟಬಾರದು ಎಲ್ಲಿ ನೋಡ್ಬೇಕು ಅಂತ ಅವರು ಹೇಳ್ಲಿ, ಟಾರ್ಚ್ ನಾವೇ ತರ್ತೀವಿ.

ಇಂತಿ,
ನಿಮ್ಮ ಓದುಗ