ಕಂಪೈಲರ್ ಪ್ರಯೋಗಾಲಯಕ್ಕೆ ನಿಜವಾದ ಆರ್ಮ್ ಬೋರ್ಡ್ ಬೇಕು

ಮಾನ್ಯ ಸಂಪಾದಕರೇ,

ಇಂಟೆಲ್ ಯಂತ್ರಕ್ಕೆಂದು ಬರೆದ ಪುಟ್ಟ ಕಂಪೈಲರನ್ನು (ಪ್ರೋಗ್ರಾಮನ್ನು ಯಂತ್ರಸಂಕೇತಕ್ಕೆ ತರ್ಜುಮೆ ಮಾಡುವ ತಂತ್ರಾಂಶ) ಆರ್ಮ್ ಪ್ರೊಸೆಸರಿಗೆ ಹೊಂದಿಸಲು ಹೊರಡುವ ಅಂತಿಮ ವರ್ಷದ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವುದು, ಆರ್ಮ್ ಚಿಪ್ಪಿರುವ ಬೋರ್ಡ್ ಕೊಳ್ಳಬೇಕೇ ಅಥವಾ ಆ ಚಿಪ್ಪನ್ನು ಲ್ಯಾಪ್‌ಟಾಪಿನಲ್ಲೇ ಅನುಕರಿಸುವ ಎಮ್ಯುಲೇಟರ್ ತಂತ್ರಾಂಶ ಸಾಕೇ ಎಂದು. ಖರ್ಚಿಲ್ಲವೆಂಬ ಕಾರಣಕ್ಕೆ ಎಮ್ಯುಲೇಟರೊಂದನ್ನೇ ನೆಚ್ಚಿಕೊಳ್ಳುವ ರೂಢಿಯನ್ನು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳು ಬಿಡಬೇಕೆಂದು ಕೋರಲು ಈ ಪತ್ರ.

ಎಮ್ಯುಲೇಟರಿನ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಫ್ಯಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಹೊರತಂದ ಕ್ಯೂಎಮು ಎಂಬ ಎಮ್ಯುಲೇಟರ್ ಉಚಿತವಾಗಿ ಸಿಗುತ್ತದೆ. ಆಗತಾನೆ ಕಂಪೈಲ್ ಮಾಡಿದ ಆರ್ಮ್ ಪ್ರೋಗ್ರಾಮನ್ನು ಲ್ಯಾಪ್‌ಟಾಪಿನಲ್ಲೇ ಓಡಿಸಿ, ಒಂದೊಂದು ಸೂಚನೆಗೂ ನಿಲ್ಲಿಸಿ ನೋಡಬಹುದು. 1 ಜಿಬಿ ಮೆಮೊರಿಯ ಬೋರ್ಡಿನ ಮೇಲೆ ದೊಡ್ಡ ಕಂಪೈಲರೊಂದರ ಭಾಗಗಳನ್ನು ಜೋಡಿಸಲು (ಲಿಂಕ್ ಮಾಡಲು) ಹೋಗಿ ಕೈಸೋತವರಿಗೆ ಇದರ ಬೆಲೆ ಗೊತ್ತು.

ಆದರೆ ಕೆಲವು ದೋಷಗಳನ್ನು ಅದು ಮುಚ್ಚಿಡುತ್ತದೆ. ಓಡುತ್ತಿರುವಾಗಲೇ ಯಂತ್ರಸಂಕೇತವನ್ನು ಸೃಷ್ಟಿಸುವ ಕಂಪೈಲರೊಂದನ್ನು ನನ್ನ ವಿದ್ಯಾರ್ಥಿಗಳು ಸಿದ್ಧಪಡಿಸಿದ್ದರು. ಎಮ್ಯುಲೇಟರಿನಲ್ಲಿ ಎಲ್ಲ ಪರೀಕ್ಷೆಗಳೂ ತೇರ್ಗಡೆಯಾದವು, ಬೋರ್ಡಿನ ಮೇಲೆ ಮಾತ್ರ ಅದೇ ಪ್ರೋಗ್ರಾಮ್ ಒಮ್ಮೆ ಸರಿಯಾಗಿ ನಡೆದರೆ ಇನ್ನೊಮ್ಮೆ ಕುಸಿಯುತ್ತಿತ್ತು. ಆರ್ಮ್‌ನಲ್ಲಿ ದತ್ತಾಂಶದ ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ತಾತ್ಕಾಲಿಕ ಮೆಮೊರಿ) ಮತ್ತು ಸೂಚನೆಗಳ ಕ್ಯಾಶ್ ತಾವಾಗಿಯೇ ಹೊಂದಿಕೊಳ್ಳುತ್ತವೆಂಬ ಭರವಸೆ ಇಲ್ಲದಿರುವುದರಿಂದ, ಹೊಸ ಸಂಕೇತ ಬರೆದ ಮೇಲೆ ಕ್ಯಾಶಿನಲ್ಲಿ ಉಳಿದ ಹಳೆಯದನ್ನು ತೆರವುಗೊಳಿಸುವ ಹೊಣೆ ಕಂಪೈಲರಿನದೇ; ಕ್ಯೂಎಮು ಆ ಬದಲಾವಣೆಯನ್ನು ತಾನೇ ಗುರುತಿಸಿ ಸರಿಪಡಿಸಿಕೊಳ್ಳುವುದರಿಂದ ತಪ್ಪು ಅಲ್ಲಿ ಕಾಣಿಸಲೇ ಇಲ್ಲ. ಮೂರು ವಾರ ಹುಡುಕಿದ ಮಕ್ಕಳ ಸಂಕಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಹಲವು ಥ್ರೆಡ್‌ಗಳ (ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳ) ಪ್ರೋಗ್ರಾಮಿನಲ್ಲೂ ಹೀಗೆಯೇ. ಮೆಮೊರಿಗೆ ಬರೆಯುವ, ಓದುವ ಕ್ರಮವನ್ನು ಹಿಂದುಮುಂದು ಮಾಡಲು ಆರ್ಮ್‌ಗೆ ಹೆಚ್ಚಿನ ಸ್ವಾತಂತ್ರ್ಯವಿದೆ; ಇಂಟೆಲ್ ಯಂತ್ರದ ಬಿಗಿಯಾದ ಕ್ರಮದ ಮೇಲೆ ನಿಂತ ಎಮ್ಯುಲೇಟರಿನಲ್ಲಿ ಅಂಥ ದೋಷ ಹೊರಬೀಳುವುದು ಅಪರೂಪ. 2012ರ ಮೊದಲ ರಾಸ್ಪ್‌ಬೆರಿ ಪೈ ಬೋರ್ಡಿನ ಪ್ರೊಸೆಸರಿಗೆ ಪೂರ್ಣಾಂಕ ಭಾಗಾಕಾರದ ಸೂಚನೆಯೇ ಇಲ್ಲ, ಆದರೆ ಪ್ರೊಸೆಸರಿನ ಹೆಸರನ್ನು ನಿರ್ದಿಷ್ಟವಾಗಿ ತಿಳಿಸದಿದ್ದರೆ ಎಮ್ಯುಲೇಟರ್ ಆ ಸೂಚನೆಯನ್ನು ಒಪ್ಪಿಕೊಂಡುಬಿಡುತ್ತದೆ. ವೇಗದ ಅಳತೆಯಂತೂ ನಿಜವಾದ ಚಿಪ್ಪಿನ ಮೇಲಲ್ಲದೆ ಅರ್ಥಹೀನ.

ಆದ್ದರಿಂದ ಪ್ರತಿ ವಿಭಾಗವೂ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ 32 ಬಿಟ್ಟಿನ ಒಂದು, 64 ಬಿಟ್ಟಿನ ಒಂದು ಬೋರ್ಡನ್ನು ತಂದು ಕಾಲೇಜಿನ ಜಾಲಕ್ಕೆ ಜೋಡಿಸಿ, ವಿದ್ಯಾರ್ಥಿಗಳು ಮನೆಯಿಂದಲೂ ಬಳಸುವಂತೆ ಮಾಡಲಿ. ದಿನದ ಕೆಲಸ ಎಮ್ಯುಲೇಟರಿನಲ್ಲಿ ನಡೆಯಲಿ, ಪ್ರಾಜೆಕ್ಟಿನ ಅಂಕ ಮಾತ್ರ ಬೋರ್ಡಿನ ಮೇಲೆ ಓಡಿದ ನಂತರ ಸಿಗಲಿ. ಅಲ್ಲಿಯವರೆಗೆ ವಿದ್ಯಾರ್ಥಿಗಳು ತಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಲಿನಕ್ಸ್ ಪ್ರೋಗ್ರಾಮುಗಳನ್ನು ಓಡಿಸಲು ಬಿಡುವ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಳ್ಳಬಹುದು. ಜೇಬಿನಲ್ಲಿರುವ ಆ ಫೋನಿನೊಳಗೂ ಬಹುತೇಕ ಆರ್ಮ್ ಚಿಪ್ಪೇ ಇರುತ್ತದೆ.

— ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕ, ಬನಶಂಕರಿ, ಬೆಂಗಳೂರು